ಜಾಡ್ಯದ ಮೊದಲ ಸುದ್ದಿ

ಇಲಿ ಬಿದ್ದರೆ ಮನೆ ಬಿಡಬೇಕೆಂಬುದು ಪ್ಲೇಗಿನ ಕಾಲವನ್ನು ಕಂಡ ನಮ್ಮ ಹಿರಿಯರು ಅನುಭವದಿಂದ ಅರಿತ ಮಾತು. 1898ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಆ ಮಾರಿಯು ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನು ಹೊಕ್ಕಿತು. ಮನುಷ್ಯರಿಗೆ ತಗಲುವ ಮುನ್ನವೇ ಅಟ್ಟದ ಮೇಲೂ ಕಣಜದ ಬಳಿಯೂ ಇಲಿಗಳು ಸತ್ತು ಬೀಳುತ್ತಿದ್ದವು. ಅದನ್ನು ಕಂಡೊಡನೆ ಜನರು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಜಾಡ್ಯವು ಹೇಳದೆ ಕೇಳದೆ ಬರುವುದೆಂದು ನಾವು ಹೇಳುವುದುಂಟಷ್ಟೆ. ಆದರೆ ಅನೇಕ ವೇಳೆ ಅದು ಸೂಚನೆ ಕೊಟ್ಟೇ ಬರುತ್ತದೆ. ಆ ಸೂಚನೆಯನ್ನು ಗಮನಿಸಿ ತಕ್ಕವರಿಗೆ ಮುಟ್ಟಿಸುವವರಿರಬೇಕು.

ಇದಕ್ಕೆ ಮಲೆನಾಡಿನ ಒಂದು ನಿದರ್ಶನವನ್ನು ನೋಡೋಣ. 1957ನೆಯ ಇಸವಿಯ ಆದಿಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದ ಸುತ್ತಣ ಹಳ್ಳಿಗಳವರು ಕಠಿನವಾದ ಜ್ವರದಿಂದ ಮಲಗಿದರು. ಅದೇ ಸಮಯದಲ್ಲಿ ಕಾಡಿನ ಮುಸುವಗಳೂ ಕೋಡಗಗಳೂ ಸಾಯುತ್ತಿದ್ದವು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳಲ್ಲಿರುವ ಪೀತಜ್ವರವು ಭರತಖಂಡಕ್ಕೂ ಬಂದಿತೇ ಎಂದು ತಜ್ಞರಿಗೆ ದಿಗಿಲಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಊಹೆಯನ್ನು ನೆಚ್ಚದೆ, ರೋಗಿಗಳ ರಕ್ತವನ್ನೂ ಸತ್ತ ಕೋತಿಗಳ ದೇಹವನ್ನೂ ಪರೀಕ್ಷಿಸಿದರು. ಅದು ಪೀತಜ್ವರವಲ್ಲ, ಲೋಕಕ್ಕೇ ಹೊಸದಾದ ಬೇರೊಂದು ವೈರಸ್ಸೆಂದೂ, ಅದನ್ನು ಹರಡುವುದು ಕಾಡಿನ ಉಣ್ಣೆಯೆಂದೂ ಗೊತ್ತಾಯಿತು. ಆ ವರ್ಷ 466 ಮಂದಿ ಕಾಯಿಲೆ ಬಿದ್ದರು. ಕಾಡಿನಲ್ಲಿ ಕೋತಿ ಸತ್ತಿತೆಂಬ ಸುದ್ದಿಯು ಅಂದಿನಿಂದ ಮಲೆನಾಡಿನಲ್ಲಿ ಸಾಮಾನ್ಯ ಸುದ್ದಿಯಲ್ಲ. ಅದು ತಿಳಿದೊಡನೆ ಆ ಜಾಗಕ್ಕೆ ಯಾರೂ ಹೋಗದಂತೆ ಎಚ್ಚರಿಸತಕ್ಕದ್ದು.

ಇಂತಹ ಸುದ್ದಿಗಳನ್ನು ಒಂದೆಡೆ ಕೂಡಿಸುವುದಕ್ಕಾಗಿ ಭಾರತ ಸರ್ಕಾರವು 2004ನೆಯ ಇಸವಿಯಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆಯನ್ನು ಆರಂಭಿಸಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯು ಕಂಡ ಲಕ್ಷಣ, ವೈದ್ಯರ ಅಭಿಪ್ರಾಯ, ಪ್ರಯೋಗಶಾಲೆಯ ನಿರ್ಣಯ, ಈ ಮೂರೂ ಅದರಲ್ಲಿ ದಾಖಲಾಗುತ್ತವೆ.

ಇದರ ಪ್ರಯೋಜನವೇನೆಂದು ವಾಚಕರು ಕೇಳಬಹುದು. ಚನ್ನಪಟ್ಟಣದ ಬಳಿಯ ದೊಡ್ಡಮಳೂರನ್ನು ನೆನೆಯಿರಿ. ಊರು ಚಿಕ್ಕದಾದರೂ ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿದೆ. ಅಪ್ರಮೇಯಸ್ವಾಮಿಯ ಮತ್ತು ಅಂಬೆಗಾಲು ಕೃಷ್ಣನ ದರ್ಶನಕ್ಕಾಗಿ ದೂರದೂರದ ಜನ ಬರುತ್ತಾರೆ. ಅಂತಹ ಊರಿನಲ್ಲೊಂದು ಮದುವೆ ನಡೆದು, ಊಟದಲ್ಲಿ ಏನೋ ಕೆಟ್ಟಿತ್ತೆಂದು ಭಾವಿಸೋಣ. ನೆಂಟರು ಮಂಡ್ಯಕ್ಕೊಬ್ಬರು, ಮೈಸೂರಿಗೊಬ್ಬರು ಹೊರಟುಹೋಗಿ ತಮ್ಮ ತಮ್ಮ ಮನೆಗಳಲ್ಲಿ ವಾಂತಿಭೇದಿಯಿಂದ ಮಲಗುತ್ತಾರೆ. ಆಯಾ ಊರಿನ ವೈದ್ಯರಿಗೆ ಅದು ಒಂಟಿ ಪ್ರಕರಣ. ಎಲ್ಲವೂ ಒಂದೇ ಪಟ್ಟಿಯಲ್ಲಿ ಸೇರಿದಾಗ ಮಾತ್ರ ಇವರೆಲ್ಲರೂ ಒಂದೇ ಪಂಕ್ತಿಯಲ್ಲಿ ಉಂಡವರೆಂಬುದು ಹೊರಬೀಳುವುದು.

ಪಟ್ಟಿಯ ಅಂಕೆ ಏರಿದ ಮಾತ್ರಕ್ಕೆ ಜಾಡ್ಯವೆಂದು ತೀರ್ಮಾನವಾಗದು. ಅಧಿಕಾರಿಗಳು ಮನೆಮನೆಗೂ ಬಂದು, ಯಾರಿಗೆ, ಯಾವ ಬೀದಿಯಲ್ಲಿ, ಯಾವ ದಿನ ಬಂದಿತೆಂದು ವಿಚಾರಿಸುತ್ತಾರೆ. ಒಂದೇ ದಿನ ಬಹುಮಂದಿ ಮಲಗಿದರೆ ಊಟದ ಮೇಲೆ ಗುಮಾನಿ. ಒಂದೇ ನಲ್ಲಿಯ ನೀರು ಕುಡಿದವರು ದಿನವೂ ಇಬ್ಬರು ಮೂವರಂತೆ ಮಲಗಿದರೆ ನೀರಿನ ಮೇಲೆ ಗುಮಾನಿ. ಬಳಿಕ ನೀರನ್ನೂ ರೋಗಿಯ ಮಲವನ್ನೂ ಪರೀಕ್ಷೆಗೆ ಕಳುಹಿಸುತ್ತಾರೆ. ಆದರೆ ಪರೀಕ್ಷೆಯ ಫಲ ಬರುವವರೆಗೆ ಕಾಯದೆ ನೀರಿಗೆ ಕ್ಲೋರಿನ್ ಬೆರೆಸುವುದೂ ಕಾಯಿಸಿ ಕುಡಿಯಿರೆಂದು ಸಾರುವುದೂ ನಡೆಯಬೇಕು.

ಇಷ್ಟಕ್ಕೆಲ್ಲ ಮೂಲವು ಗೃಹಸ್ಥನ ಬಾಯಿಂದ ಬರುವ ಮಾತು. ಪ್ಲೇಗಿನ ಕಾಲದಲ್ಲಿ ಜನರು ಶಿಬಿರಕ್ಕೆ ಒಯ್ಯುವರೆಂಬ ಅಂಜಿಕೆಯಿಂದ ರೋಗಿಗಳನ್ನು ಬಚ್ಚಿಟ್ಟರು. ಅಡಗಿಸಿಟ್ಟ ಮನೆಯಿಂದಲೇ ಜಾಡ್ಯ ನೆರೆಮನೆಗೆ ಹಬ್ಬಿತು. ಈಗಲೂ ಮರ್ಯಾದೆಗೆ ಅಂಜಿ, ಮದುವೆಮನೆಯ ಹೆಸರು ಕೆಡುವುದೆಂದು ಬಾಯಿ ಮುಚ್ಚುವವರುಂಟು. ಬೀದಿಯಲ್ಲಿ ಎರಡು ಮೂರು ಮನೆಗಳಲ್ಲಿ ಒಂದೇ ಬಗೆಯ ಕಾಯಿಲೆ ಕಂಡರೆ, ಅದೇ ದಿನ ಆಶಾ ಕಾರ್ಯಕರ್ತೆಗಾಗಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ ತಿಳಿಸುವುದು ಮನೆಯ ಯಜಮಾನನಿಗೂ ಗೃಹಿಣಿಗೂ ಕರ್ತವ್ಯ. ನಮ್ಮ ಮನೆಯ ಮಗು ಗುಣವಾಯಿತೆಂದು ಸುಮ್ಮನಿದ್ದರೆ, ಅದೇ ನೀರನ್ನು ನಾಳೆ ನೆರೆಮನೆಯ ಮಗು ಕುಡಿಯುತ್ತದೆ.