ಬರಿಪಾತ್ರೆ ಹಿಂದಿರುಗದ ಓಣಿ

ಬೆಂಗಳೂರಿನ ಜೆ.ಪಿ. ನಗರದಲ್ಲಿ ರಸ್ತೆಗಳೆಲ್ಲ ಗೆರೆ ಎಳೆದಂತೆ ನೇರ. ಒಂದನೇ ಅಡ್ಡರಸ್ತೆ, ಎರಡನೇ ಅಡ್ಡರಸ್ತೆ ಎಂದು ಎಣಿಸುತ್ತಾ ಹೋಗಬಹುದು. ಆದರೆ ಸಾರಕ್ಕಿಯ ಕಡೆ ಒಳಹೊಕ್ಕರೆ ಇದ್ದಕ್ಕಿದ್ದಂತೆ ರಸ್ತೆಯೊಂದು ಸೊಂಟ ತಿರುಗಿಸುತ್ತದೆ. ಅಗಲ ಕಡಿಮೆಯಾಗುತ್ತದೆ. ಮನೆಗಳ ಮುಂದೆ ಜಗಲಿ ಕಾಣಿಸುತ್ತದೆ, ಜಗಲಿಯ ಮೇಲೆ ಸೊಪ್ಪು ಬಿಡಿಸುವ ಹೆಂಗಸರು ಕಾಣಿಸುತ್ತಾರೆ. ಅಲ್ಲಿಗೆ ಬಡಾವಣೆ ಮುಗಿಯಿತು, ಹಳ್ಳಿ ಶುರುವಾಯಿತು ಎಂದು ತಿಳಿಯಬೇಕು.

ಲೋಕನಾಯಕ ಜಯಪ್ರಕಾಶ್ ನಾರಾಯಣರ ಹೆಸರು ಹೊತ್ತ ಈ ಬಡಾವಣೆ ಇಂದು ಒಂಬತ್ತು ಹಂತಗಳವರೆಗೆ ಹರಡಿಕೊಂಡಿದೆ. ಆದರೆ ಅದು ಬರುವ ಮುಂಚೆಯೇ ಇಲ್ಲಿ ಊರುಗಳಿದ್ದವು. ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ, ಮಾರೇನಹಳ್ಳಿ. ಹೊಲಗದ್ದೆಗಳು ಸೈಟುಗಳಾದವು, ಊರು ಮಾತ್ರ ನಡುವೆ ಹಾಗೆಯೇ ಉಳಿದುಕೊಂಡಿತು. ಚಪಾತಿ ಹಿಟ್ಟಿನ ನಡುವೆ ಸಿಕ್ಕಿಬಿದ್ದ ಗೋಧಿ ಕಾಳಿನ ಹಾಗೆ.

1994ರಲ್ಲಿ ನಾನು ಮದುವೆಯಾಗಿ ಬಂದದ್ದು ಅಂಥದೊಂದು ಓಣಿಗೆ. ನನ್ನ ತವರು ಬಂಟ್ವಾಳ ತಾಲೂಕಿನ ಒಂದು ಹಳ್ಳಿ. ನಮ್ಮ ಕಡೆ ಹಳ್ಳಿಯೆಂದರೆ ಮನೆಗಳು ಒತ್ತೊತ್ತಾಗಿರುವುದಿಲ್ಲ. ಒಂದು ಗುಡ್ಡೆಗೆ ಒಂದು ಮನೆ, ಒಂದು ತೋಟದಾಚೆ ಇನ್ನೊಂದು. ಜೋರಾಗಿ ಕೂಗಿದರೆ ನೆರೆಮನೆಯವರಿಗೆ ಕೇಳಬಹುದು, ಅಷ್ಟೆ. ಇಲ್ಲಿಯೋ, ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು! ನನಗೆ ಉಸಿರು ಕಟ್ಟಿದಂತಾಗಿತ್ತು.

ಬಂದ ಮೂರನೇ ದಿನ ಹಿಂಬಾಗಿಲ ಮೋಟು ಗೋಡೆಯಾಚೆಯಿಂದ ಒಬ್ಬರು ಅಜ್ಜಿ ಕರೆದರು. “ಏನವ್ವಾ ಹೊಸ ಹೆಣ್ಣೇ, ಒಂದು ಚೂರು ಹುಣಸೆಹಣ್ಣು ಇದ್ದರೆ ಕೊಡು. ಸಾರಿಗೆ ಇಟ್ಟುಬಿಟ್ಟೆ, ಡಬ್ಬ ನೋಡಿದರೆ ಖಾಲಿ.” ನಾನು ನಿಂಬೆ ಗಾತ್ರದ ಉಂಡೆ ಕೊಟ್ಟೆ. ಪಾಪ, ಬಡವರಿರಬೇಕು ಎಂದುಕೊಂಡೆ. ಮರುದಿನ ಅದೇ ಗೋಡೆಯ ಮೇಲೆ ಸ್ಟೀಲ್ ಪಾತ್ರೆಯಲ್ಲಿ ಹಿತಕಿದ ಅವರೆಕಾಳಿನ ಸಾರು ಬಂದು ಕುಳಿತಿತ್ತು. ತೊಳೆದು ಕೊಡಹೋದಾಗ ನನ್ನ ಅತ್ತೆ ತಡೆದರು. ಇಲ್ಲಿ ಪಾತ್ರೆಯನ್ನು ಬರಿದಾಗಿ ಕಳಿಸುವ ಪದ್ಧತಿ ಇಲ್ಲವಂತೆ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು.

ಕೆಲವು ತಿಂಗಳ ಬಳಿಕ ಆ ಅಜ್ಜಿಯ ಅಡುಗೆ ಮನೆಗೆ ಹೋಗುವ ಪ್ರಸಂಗ ಬಂತು. ಅಟ್ಟದ ಮೇಲೆ ವರ್ಷಕ್ಕಾಗುವಷ್ಟು ಹುಣಸೆಹಣ್ಣು ಉಪ್ಪು ಬೆರೆಸಿ ಮಡಕೆಯಲ್ಲಿ ಅಡಕಿಟ್ಟಿದ್ದರು! ಅಂದು ಅವರು ನನ್ನ ಬಳಿ ಬಂದದ್ದು ಹುಣಸೆಗಾಗಿ ಅಲ್ಲ ಎಂಬುದು ಆಗ ಹೊಳೆಯಿತು. ನಾನು ಕೇಳಿದರೆ ನಕ್ಕುಬಿಟ್ಟರು. “ನಾನು ಕೇಳದೇ ಇದ್ದಿದ್ದರೆ ನೀನು ಕೇಳುತ್ತಿದ್ದೆಯಾ?” ಎಂದಷ್ಟೇ ಹೇಳಿ ಹಸುವಿಗೆ ಹಿಂಡಿ ಕಲಸಲು ಹೋದರು.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಮುಯ್ಯಿ ಎಂಬ ಪದ್ಧತಿಯಿದೆ. ನಾಟಿಯ ಸಮಯದಲ್ಲಿ, ಕೊಯ್ಲಿನ ಸಮಯದಲ್ಲಿ ಇವತ್ತು ನೀವು ನಮ್ಮ ಹೊಲಕ್ಕೆ ಬನ್ನಿ, ನಾಳೆ ನಾವು ನಿಮ್ಮ ಹೊಲಕ್ಕೆ ಬರುತ್ತೇವೆ. ಕೂಲಿಯ ಮಾತಿಲ್ಲ. ಮದುವೆಯಲ್ಲಿ ಕೊಡುವ ಉಡುಗೊರೆಗೂ ಮುಯ್ಯಿ ಎನ್ನುತ್ತಾರೆ. ಆದರೆ ಮುಯ್ಯಿಗೆ ಲೆಕ್ಕವುಂಟು, ಯಾರು ಎಷ್ಟು ಕೊಟ್ಟರೆಂದು ಮನಸ್ಸಿನಲ್ಲಾದರೂ ಬರೆದಿಟ್ಟಿರುತ್ತಾರೆ. ಹಿತ್ತಲ ಗೋಡೆಯ ಮೇಲೆ ಓಡಾಡುವ ಪಾತ್ರೆಗೆ ಆ ಲೆಕ್ಕವೂ ಇರಲಿಲ್ಲ. ಸೇರು ಇಸಿದುಕೊಂಡು ಪಾವು ಕೊಟ್ಟವರೂ ಇದ್ದರು. ಕೊಡದೇ ಮರೆತವರೂ ಇದ್ದರು. ಅದನ್ನು ಎತ್ತಿ ಆಡಿದವರನ್ನು ಓಣಿಯಲ್ಲಿ ಯಾರೂ ಮೆಚ್ಚುತ್ತಿರಲಿಲ್ಲ.

ಹಬ್ಬಗಳ ವಿಷಯವನ್ನು ಹೇಳಲೇಬೇಕು. ನಮ್ಮ ಓದುಗ ಸಹೋದರಿಯರಲ್ಲಿ ಎಷ್ಟೋ ಮಂದಿಗೆ ಈ ಇಕ್ಕಟ್ಟು ಎದುರಾಗಿರಬಹುದು. ಬೇರೆ ಧರ್ಮದ ನೆರೆಯವರು ಪ್ರೀತಿಯಿಂದ ತಂದದ್ದನ್ನು ಪೂಜೆಗೆ ಇಟ್ಟದ್ದೆಂಬ ಕಾರಣಕ್ಕೆ ತಿನ್ನುವಂತಿಲ್ಲ, ಬೇಡವೆಂದರೆ ಅವರ ಮನಸ್ಸಿಗೆ ನೋವು. ನಾನು ಮೊದಲ ಗೌರಿ ಹಬ್ಬದಂದು ಹೇಗಪ್ಪಾ ಹೇಳುವುದು ಎಂದು ಒದ್ದಾಡುತ್ತಿದ್ದಾಗ ಅಜ್ಜಿಯೇ ಒಬ್ಬಟ್ಟಿನ ತಟ್ಟೆ ಹಿಡಿದು ಬಂದರು. “ಪೂಜೆಗೆ ಮುಂಚೆಯೇ ತೆಗೆದಿಟ್ಟದ್ದು, ನಿಮಗೆ ಆಗುತ್ತದೆ, ತಿನ್ನಿ” ಎಂದರು. ನಾನು ಹೇಳಬೇಕಾದ ಮಾತನ್ನು ನನಗಿಂತ ಮುಂಚೆ ಅವರೇ ತಿಳಿದುಕೊಂಡಿದ್ದರು. ಅತ್ತೆ ಹೇಳಿದರು, ಬಹಳ ವರ್ಷಗಳಿಂದ ಅದು ಹಾಗೆಯೇ ನಡೆದುಬಂದಿದೆಯೆಂದು. ನಮ್ಮ ಕಡೆಯಿಂದಲೂ ಹಾಗೆಯೇ. ಅಜ್ಜಿಯ ಮನೆಯಲ್ಲಿ ಮಾಂಸ ತಿನ್ನುತ್ತಿದ್ದರು, ಆದರೆ ಸೋಮವಾರ, ಶನಿವಾರ ಮುಟ್ಟುತ್ತಿರಲಿಲ್ಲ. ಈದ್ ಶನಿವಾರ ಬಂದರೆ ಅವರ ಪಾಲಿನ ಬಿರಿಯಾನಿ ಭಾನುವಾರ ಹೊಸದಾಗಿ ಆಗುತ್ತಿತ್ತು. ಮೂಲೆಮನೆಯ ಶುದ್ಧ ಸಸ್ಯಾಹಾರಿ ಕುಟುಂಬಕ್ಕೆ ಬೇಯಿಸದ ಶಾವಿಗೆ, ಸಕ್ಕರೆ, ದ್ರಾಕ್ಷಿ, ಗೋಡಂಬಿ. ಹೆಚ್ಚದ ಹಣ್ಣು. ಪಾಯಸ ಅವರೇ ಮಾಡಿಕೊಂಡು, ರುಚಿಯಾಗಿತ್ತು ಎಂದು ನಮಗೆ ಹೇಳುತ್ತಿದ್ದರು!

ಪ್ರವಾದಿವರ್ಯರ(ಸ) ಅನುಚರ ಅಬ್ದುಲ್ಲಾ ಬಿನ್ ಅಮ್ರ್(ರ) ಅವರ ಮನೆಯಲ್ಲಿ ಆಡು ಕೊಯ್ದಾಗ ಅವರು ಮನೆಯವರನ್ನು ಮತ್ತೆ ಮತ್ತೆ ಕೇಳಿದ್ದು, ನಮ್ಮ ಯಹೂದಿ ನೆರೆಯವನಿಗೆ ಕಳಿಸಿದಿರಾ ಎಂದು. (ಅಬೂದಾವೂದ್, ತಿರ್ಮಿದಿ) ನೆರೆಯವನ ಹಕ್ಕಿಗೆ ಧರ್ಮದ ಗಡಿಯಿಲ್ಲ ಎಂದು ಅವರು ಅರ್ಥ ಮಾಡಿಕೊಂಡದ್ದು ಪ್ರವಾದಿಯವರಿಂದಲೇ(ಸ).

ಇನ್ನೊಂದು ಸಂಗತಿ. ಅಜ್ಜಿಯ ಮಕ್ಕಳು ಹಿತ್ತಲಿನ ಒಂದು ತುಂಡು ಜಾಗ ಮಾರಲು ನಿಂತಾಗ ದಲ್ಲಾಳಿಗಳು ಬಾಗಿಲಿಗೆ ಬಂದು ಕುಳಿತಿದ್ದರು. ಅಜ್ಜಿ ಯಾರಿಗೂ ಮಾತು ಕೊಡದೆ ಮೊದಲು ನಮ್ಮ ಮಾವನವರ ಬಳಿ ಬಂದರು. “ನಿಮ್ಮ ಗೋಡೆಗೆ ಅಂಟಿದ ಜಾಗ. ನಿಮಗೆ ಬೇಡವೆಂದರೆ ಮಾತ್ರ ಹೊರಗಿನವರಿಗೆ.” ಹನಫೀ ಕರ್ಮಶಾಸ್ತ್ರದಲ್ಲಿ ಇದಕ್ಕೆ ಶುಫ್ಅ ಎಂದು ಹೆಸರು. ಪಕ್ಕದ ಜಮೀನಿನವನಿಗೆ ಕೊಳ್ಳುವ ಹಕ್ಕು ಹೊರಗಿನವನಿಗಿಂತ ಮುಂಚೆ. ಅಜ್ಜಿಗೆ ಆ ಪದ ಎಲ್ಲಿ ಗೊತ್ತು! ನಮ್ಮಲ್ಲಿ ಹಣವಿರಲಿಲ್ಲ, ಆ ಮಾತು ಬೇರೆ. ಆದರೆ ಮಾವ ಅದನ್ನು ಸಾಯುವವರೆಗೂ ಹೇಳಿಕೊಳ್ಳುತ್ತಿದ್ದರು.

2008ರಲ್ಲಿ ನಾವು ಓಣಿ ಬಿಟ್ಟೆವು. ಮಕ್ಕಳು ದೊಡ್ಡವರಾದರು, ಜಾಗ ಸಾಲದು. ಅದೇ ಜೆ.ಪಿ. ನಗರದಲ್ಲಿ, ಎರಡು ಕಿಲೋಮೀಟರಿಗೂ ಹತ್ತಿರದ ಒಂದು ಅಪಾರ್ಟ್‌ಮೆಂಟಿಗೆ ಹೋದೆವು. ಲಿಫ್ಟು, ಕಾವಲುಗಾರ, ನೀರಿನ ತೊಂದರೆಯಿಲ್ಲ. ಎದುರು ಬಾಗಿಲಿನಲ್ಲಿ ಒಬ್ಬಳು ತರುಣಿ, ಒಂದು ಪುಟ್ಟ ಮಗು. ಗಂಡ ಹೊರದೇಶದಲ್ಲಿ ಕೆಲಸದಲ್ಲಿದ್ದ. ನಾನು ಒಳ್ಳೆಯ ನೆರೆಯವಳು ಎಂದೇ ನನ್ನ ನಂಬಿಕೆಯಾಗಿತ್ತು. ಎರಡೂ ಈದ್‌ಗಳಿಗೆ ಚಂದದ ಡಬ್ಬದಲ್ಲಿ ಸಿಹಿ ಕಳಿಸುತ್ತಿದ್ದೆ. ಅವಳು ದೀಪಾವಳಿಗೆ ಅದಕ್ಕಿಂತ ಚಂದದ ಡಬ್ಬ ಕಳಿಸುತ್ತಿದ್ದಳು. ಡಬ್ಬಗಳು ಬಿಸಾಡುವಂಥವು, ಹಿಂದಿರುಗಿಸುವ ಅಗತ್ಯವಿರಲಿಲ್ಲ.

2011ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕಾವಲುಗಾರ ಬಂದು ಕೇಳಿದ, ಎದುರು ಮನೆಯ ಮೇಡಂ ಹೇಗಿದ್ದಾರೆ ಎಂದು. ಏಕೆ, ಏನಾಯಿತು ಎಂದೆ. ಹಿಂದಿನ ರಾತ್ರಿ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದರು. ಡೆಂಗಿ. ನಾಲ್ಕು ದಿನಗಳಿಂದ ಜ್ವರದಲ್ಲಿ ಎದ್ದೇಳಲಾಗದೆ ಮಲಗಿದ್ದಳಂತೆ, ಮಗು ಬಿಸ್ಕತ್ತು ತಿಂದುಕೊಂಡು ಇತ್ತಂತೆ. ಕೊನೆಗೆ ಅವಳು ಫೋನ್ ಮಾಡಿದ್ದು ಊರಿನ ಇನ್ನೊಂದು ತುದಿಯಲ್ಲಿದ್ದ ಕಚೇರಿಯ ಗೆಳತಿಗೆ. ಆ ಹುಡುಗಿ ರಾತ್ರಿ ಹತ್ತು ಗಂಟೆಗೆ ಮಳೆಯಲ್ಲಿ ಆಟೋ ಹಿಡಿದು ಬಂದು ಕರೆದೊಯ್ದಿದ್ದಳು. ನನ್ನ ಬಾಗಿಲಿಗೂ ಅವಳ ಬಾಗಿಲಿಗೂ ಇದ್ದ ದೂರ ಏಳು ಹೆಜ್ಜೆ. ಆ ನಾಲ್ಕು ದಿನವೂ ನಮ್ಮ ಮನೆಯಲ್ಲಿ ಅಡುಗೆಯಾಗಿತ್ತು, ಮಿಕ್ಕಿಯೂ ಇತ್ತು.

ಅವಳು ಬದುಕಿ ಬಂದಳು, ಅಲ್‌ಹಮ್ದುಲಿಲ್ಲಾಹ್. ನಾನು ಗಂಜಿ ತೆಗೆದುಕೊಂಡು ಹೋಗಿ, ನನ್ನನ್ನೇಕೆ ಕರೆಯಲಿಲ್ಲ ಎಂದು ಸ್ವಲ್ಪ ಕೋಪದಿಂದಲೇ ಕೇಳಿದೆ. ಅವಳು ಸಂಕೋಚದಿಂದ ಹೇಳಿದಳು, “ನಿಮಗೆ ತೊಂದರೆ ಕೊಡುವುದು ಹೇಗೆ ಆಂಟಿ? ನೀವು ಯಾವತ್ತೂ ನಮ್ಮನ್ನು ಏನೂ ಕೇಳಿದವರಲ್ಲ.”

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಪವಿತ್ರ ಕುರ್‌ಆನಿನ 107ನೇ ಅಧ್ಯಾಯ ಅಲ್‌ಮಾಊನ್ ನಮಗೆಲ್ಲ ಬಾಯಿಪಾಠ. ಏಳೇ ಸೂಕ್ತಗಳು. ಅನಾಥನನ್ನು ತಳ್ಳುವವನಿಂದ ಹಿಡಿದು ತೋರಿಕೆಯ ನಮಾಝಿನವರೆಗೆ ಎಚ್ಚರಿಸಿ, ಕೊನೆಗೆ ಮಾಊನನ್ನು ಕೊಡದೆ ತಡೆಯುವವರ ಮಾತು ಬರುತ್ತದೆ. ಮಾಊನ್ ಎಂದರೆ ಝಕಾತ್ ಎಂದು ವ್ಯಾಖ್ಯಾನಿಸಿದವರಿದ್ದಾರೆ. ಆದರೆ ಇಬ್ನು ಮಸ್ಊದ್(ರ) ಅವರು ಹೇಳಿದ ಅರ್ಥ ತೀರಾ ಅಡುಗೆಮನೆಯದು: ಕೊಡಲಿ, ಅಡುಗೆಯ ಪಾತ್ರೆ, ನೀರಿನ ಬಕೆಟು. ಜನರು ಪರಸ್ಪರ ಇಸಿದುಕೊಳ್ಳುವ ವಸ್ತುಗಳು. ಎಷ್ಟೋ ವರ್ಷ ಓದಿದ್ದೆ, ನನಗಲ್ಲ ಎಂದುಕೊಂಡಿದ್ದೆ. ಯಾರಾದರೂ ಬಕೆಟು ಕೇಳಿದರೆ ನಾನೇನು ಇಲ್ಲವೆನ್ನುತ್ತಿದ್ದೆನೇ? ಆದರೆ ಯಾರೂ ಕೇಳಲಾಗದಂತೆ ಬದುಕಿದರೆ ಅದೂ ಒಂದು ಬಗೆಯ ತಡೆಯೇ ಅಲ್ಲವೇ?

ಸಾರು ಮಾಡುವಾಗ ಒಂದಷ್ಟು ನೀರು ಹೆಚ್ಚಿಗೆ ಹಾಕಿ ನೆರೆಯವರನ್ನು ನೆನೆಯಿರಿ ಎಂದು ಪ್ರವಾದಿಯವರು(ಸ) ಅಬೂದರ್ರ್(ರ) ಅವರಿಗೆ ಹೇಳಿದ್ದಾರೆ (ಮುಸ್ಲಿಮ್). ಆಡಿನ ಗೊರಸಾದರೂ ಸರಿ, ನೆರೆಯವಳ ಉಡುಗೊರೆಯನ್ನು ಕೀಳಾಗಿ ಕಾಣಬಾರದೆಂದು ಮುಸ್ಲಿಮ್ ಸ್ತ್ರೀಯರಿಗೇ ಹೆಸರಿಟ್ಟು ಹೇಳಿದ್ದಾರೆ (ಬುಖಾರಿ). ಇಬ್ಬರು ನೆರೆಯವರಿದ್ದರೆ ಯಾರಿಗೆ ಮೊದಲು ಎಂದು ಹ. ಆಯಿಷಾ(ರ) ಕೇಳಿದಾಗ, ಯಾರ ಬಾಗಿಲು ಹತ್ತಿರವೋ ಅವರಿಗೆ ಎಂಬ ಉತ್ತರ ಬಂದದ್ದೂ ಬುಖಾರಿಯಲ್ಲಿದೆ. ನೀರು ಹಾಕಿದ ಸಾರು, ಗೊರಸು, ಬಾಗಿಲು. ಇವುಗಳಲ್ಲಿ ಚಂದದ ಡಬ್ಬ ಎಲ್ಲಿಯೂ ಇಲ್ಲ.

ಒಂದು ವಾರ ಕಳೆದು ನಾನು ಎದುರು ಬಾಗಿಲು ತಟ್ಟಿದೆ. “ಒಂದು ಎಳೆ ಕರಿಬೇವು ಇದೆಯಾ?” ನನ್ನ ಫ್ರಿಜ್ಜಿನಲ್ಲಿ ಒಂದು ಕಟ್ಟು ಕರಿಬೇವು ಇತ್ತು. ಅದನ್ನು ಅಲ್ಲಾಹನು ಕ್ಷಮಿಸಲಿ. ಅವಳ ಮುಖ ಅರಳಿದ್ದು ಇನ್ನೂ ಕಣ್ಣಮುಂದಿದೆ. ಮೂರನೇ ದಿನ ಅವಳು ಮಗುವನ್ನು ಎತ್ತಿಕೊಂಡು ಬಂದು, “ಆಂಟಿ, ಅರ್ಧ ಗಂಟೆ ಇವನನ್ನು ನೋಡಿಕೊಳ್ಳುತ್ತೀರಾ?” ಎಂದಳು.

ನಗರದಲ್ಲಿ ಇದೆಲ್ಲ ಸಾಧ್ಯವಿಲ್ಲ ಎನ್ನುವವರಿಗೆ ಪುಟ್ಟೇನಹಳ್ಳಿ ಕೆರೆಯನ್ನು ತೋರಿಸಬೇಕು. ಊರಿನ ಹೆಸರು ಹೊತ್ತ ಆ ಕೆರೆ ಕಸ ತುಂಬಿ ಒಣಗಿಹೋಗಿತ್ತು. ಸುತ್ತಲಿನ ಮನೆಗಳವರು ಒಬ್ಬರನ್ನೊಬ್ಬರು ಕೇಳಿಕೊಂಡು 2010ರಲ್ಲಿ ಒಂದು ಟ್ರಸ್ಟ್ ಕಟ್ಟಿದರು. ಅದರ ಮುಂಚೂಣಿಯಲ್ಲಿದ್ದವರು ಲೇಖಕಿ ಉಷಾ ರಾಜಗೋಪಾಲನ್. ಮಹಾನಗರ ಪಾಲಿಕೆ ಕೆರೆಯನ್ನು ದುರಸ್ತಿ ಮಾಡಿದ ಮೇಲೆ ಅದನ್ನು ನೋಡಿಕೊಳ್ಳುವ ಹೊಣೆಯನ್ನು ಈ ನೆರೆಹೊರೆಯವರೇ ಹೊತ್ತರು. ಬೆಳಗಿನ ನಡಿಗೆಗೆ ಹೋದರೆ ಈಗ ನೀರು ಕಾಣಿಸುತ್ತದೆ, ಹಕ್ಕಿಗಳು ಕಾಣಿಸುತ್ತವೆ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತಲ್ಲ, ಆಗ ಅಜ್ಜಿಗೆ ಎಂಬತ್ತು ದಾಟಿತ್ತು. ಆ ಏಪ್ರಿಲ್‌ನಲ್ಲಿ ರೋಗಕ್ಕಿಂತ ವೇಗವಾಗಿ ಮೊಬೈಲುಗಳಲ್ಲಿ ಹರಡಿದ ಸುಳ್ಳುಗಳು ನಿಮಗೂ ನೆನಪಿರಬಹುದು. ಮುಸ್ಲಿಮ್ ವ್ಯಾಪಾರಿಗಳ ಗಾಡಿಯಿಂದ ಏನೂ ಕೊಳ್ಳಬೇಡಿ ಎಂಬ ಸಂದೇಶಗಳು. ನಮ್ಮ ಹಳೆಯ ಓಣಿಯಲ್ಲಿ ತರಕಾರಿ ಗಾಡಿ ತಳ್ಳುವ ಹುಡುಗನೊಬ್ಬನಿದ್ದ, ನಮ್ಮವನೇ. ಎರಡು ದಿನ ಅವನು ಗಾಡಿ ತುಂಬಿಕೊಂಡು ಹೋದಂತೆಯೇ ತುಂಬಿಕೊಂಡು ಹಿಂದಿರುಗಿದನಂತೆ. ಮೂರನೆಯ ದಿನ ಅಜ್ಜಿ ಜಗಲಿಯಿಂದ ಇಡೀ ಓಣಿಗೆ ಕೇಳುವಂತೆ ಅವನನ್ನು ಕೂಗಿದರು. ಮಾಸ್ಕ್ ಹಾಕಿಕೊಂಡು ಕೆಳಗಿಳಿದು ಬಂದು ಬದನೆಕಾಯಿಯನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ ನೋಡಿ ಆರಿಸಿದರು. ಚೌಕಾಸಿಯನ್ನೂ ಮಾಡಿದರಂತೆ, ಎಂದಿನ ಹಾಗೆ. ಅಷ್ಟು ಹೊತ್ತಿಗೆ ಇನ್ನೂ ಎರಡು ಬಾಗಿಲು ತೆರೆಯಿತು. ಎಲ್ಲ ಬಾಗಿಲುಗಳೂ ತೆರೆದವೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅವನು ಓಣಿ ಬಿಟ್ಟು ಹೋಗಲಿಲ್ಲ.

ಆ ರಮಝಾನ್‌ನಲ್ಲಿ ಮಸೀದಿಗಳಲ್ಲಿ ಜಮಾಅತ್ ಇರಲಿಲ್ಲ, ಇಫ್ತಾರ್ ಕೂಟಗಳಿರಲಿಲ್ಲ. ಎದುರು ಮನೆಯ ಅದೇ ಹುಡುಗಿ ದಿನವೂ ಸಂಜೆ ಫೋನ್ ಮಾಡಿ, ನಿಂಬೆಹಣ್ಣು ಇದೆಯಾ, ಪುದೀನ ಇದೆಯಾ ಎಂದು ಕೇಳುತ್ತಿದ್ದಳು. ಬಾಗಿಲ ಹಿಡಿಗೆ ಚೀಲ ತೂಗುಹಾಕಿ ಗಂಟೆ ಒತ್ತಿ ಒಳಗೆ ಓಡುತ್ತಿದ್ದಳು.

ಅಜ್ಜಿ ಹೋದದ್ದು 2022ರಲ್ಲಿ. ಅವರ ಒಂದು ಸ್ಟೀಲ್ ಪಾತ್ರೆ ನನ್ನ ಬಳಿಯೇ ಉಳಿದುಬಿಟ್ಟಿತು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅವರ ಹೆಸರು ಕೊರೆದಿದೆ, ಮದುವೆಯಲ್ಲಿ ಮುಯ್ಯಿಯಾಗಿ ಬಂದದ್ದಿರಬೇಕು. ಕೊಡಬೇಕೆಂದು ಎರಡು ಸಲ ತೆಗೆದೆ. ಬರಿದಾಗಿ ಕೊಡಲು ಮನಸ್ಸು ಬಾರದು, ಏನು ಹಾಕಿಕೊಡಬೇಕೆಂದೂ ತೋಚದೆ ಮತ್ತೆ ಕಪಾಟಿನಲ್ಲಿಟ್ಟೆ. ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಅವರ ಸೊಸೆಯ ಫೋನ್ ಬಂತು.

“ಅಕ್ಕಾ, ನಮ್ಮತ್ತೆಯ ಪಾತ್ರೆ ನಿಮ್ಮಲ್ಲಿದೆಯಲ್ಲ, ಹುಡುಗನ ಕೈಲಿ ಕಳಿಸಿಕೊಡಿ. ಹಿತಕಿದ ಅವರೆ ಮಾಡಿದ್ದೇನೆ, ನಿಮಗೆ ಹಾಕಿ ಕೊಡೋಕೆ ಮನೆಯಲ್ಲಿ ಪಾತ್ರೆಯೇ ಇಲ್ಲ.”

ಅವರ ಮನೆಯಲ್ಲಿ ಎಷ್ಟು ಪಾತ್ರೆಗಳಿವೆಯೆಂದು ನನಗೆ ಗೊತ್ತು. ಸಕ್ಕರೆ ಡಬ್ಬ ತೆಗೆದು ಆ ಪಾತ್ರೆಗೆ ಒಂದು ಹಿಡಿ ಹಾಕಿ ಮುಚ್ಚಿದೆ.