ಮೊಬೈಲ್ ಸಂಖ್ಯೆಯ ವರ್ಗಾವಣೆ: ಕಂಪನಿಗಳ ಪೈಪೋಟಿ ಮತ್ತು ವರ್ತಕರ ಹಿತ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಂತಹ ಊರಿನಲ್ಲಿ ವರ್ತಕರೊಬ್ಬರ ಮೊಬೈಲ್ ಸಂಖ್ಯೆ ಎಲ್ಲೆಲ್ಲಿ ಬರೆದಿರುತ್ತದೆ ಎಂಬುದನ್ನು ಒಮ್ಮೆ ಗಮನಿಸಬಹುದು. ಅಂಗಡಿಯ ನಾಮಫಲಕದ ಮೇಲೆ, ಬಿಲ್ ಪುಸ್ತಕದಲ್ಲಿ, ಲಾರಿ ಚಾಲಕರ ಫೋನಿನಲ್ಲಿ, ಗಡಿಯಾಚೆ ಮದನಪಲ್ಲಿಯ ಟೊಮೆಟೊ ಮಂಡಿಯವರ ಲೆಕ್ಕದ ಪುಸ್ತಕದಲ್ಲಿ, ಶಿಡ್ಲಘಟ್ಟದ ರೇಷ್ಮೆ ಗೂಡಿನ ಖರೀದಿದಾರರ ಬಳಿ ಅದೇ ಹತ್ತು ಅಂಕಿಗಳಿರುತ್ತವೆ. ಆಸ್ತಿ-ಹೊಣೆ ಪಟ್ಟಿಯಲ್ಲಿ ಈ ಸಂಖ್ಯೆಗೆ ಪ್ರತ್ಯೇಕ ಬೆಲೆಯಿಲ್ಲ. ಆದರೂ ವ್ಯವಹಾರದ ಗುಡ್‌ವಿಲ್‌ನಲ್ಲಿ ಅದರದೊಂದು ಪಾಲು ನಿಶ್ಚಯವಾಗಿ ಇದೆ. ಈ ಪಾಲು ವರ್ತಕರ ಕೈಯಲ್ಲಿರಬೇಕೇ, ಮೊಬೈಲ್ ಕಂಪನಿಯ ಕೈಯಲ್ಲಿರಬೇಕೇ ಎಂಬ ಪ್ರಶ್ನೆಗೆ ದೊರೆತ ಉತ್ತರವೇ ಸಂಖ್ಯೆ ವರ್ಗಾವಣೆಯ ವ್ಯವಸ್ಥೆ, ಅರ್ಥಾತ್ ನಂಬರ್ ಪೋರ್ಟಬಿಲಿಟಿ.

ಹಿಂದಿನ ಸ್ಥಿತಿ

ಮೊದಲು ಸಂಖ್ಯೆಯ ಆರಂಭದ ಅಂಕಿಗಳೇ ಕಂಪನಿಯ ಗುರುತಾಗಿದ್ದವು. ಕರ್ನಾಟಕದಲ್ಲಿ 94480 ಎಂದರೆ ಬಿಎಸ್‌ಎನ್‌ಎಲ್, 98450 ಎಂದರೆ ಏರ್‌ಟೆಲ್, 98440 ಎಂದರೆ ಸ್ಪೈಸ್, 98860 ಎಂದರೆ ಹಚ್ ಎಂದು ಎಲ್ಲರೂ ಬಲ್ಲವರಾಗಿದ್ದರು. ಕಂಪನಿಯ ಸೇವೆ ಬೇಡವೆನಿಸಿದರೆ ಸಂಖ್ಯೆಯನ್ನೂ ಬಿಡಬೇಕಾಗಿತ್ತು.

ಇದರ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಕಡಲೆಕಾಯಿ ವರ್ತಕರೊಬ್ಬರಿಗೆ ಬೇರೆ ಕಂಪನಿಗೆ ಹೋದರೆ ತಿಂಗಳಿಗೆ 100 ರೂಪಾಯಿ ಉಳಿತಾಯವಾಗುತ್ತದೆ ಎಂದಿಟ್ಟುಕೊಳ್ಳೋಣ. ನಾಮಫಲಕವನ್ನು ಮತ್ತೆ ಬರೆಸಲು, ಬಿಲ್ ಪುಸ್ತಕಗಳನ್ನು ಮುದ್ರಿಸಲು, ಗಿರಾಕಿಗಳಿಗೆ ತಿಳಿಸಲು 5,000 ರೂಪಾಯಿ ಖರ್ಚಾಗುವುದಾದರೆ, ಅದು ಮರಳಲು 50 ತಿಂಗಳು ಬೇಕು. ನಡುವೆ ಕೈತಪ್ಪುವ ಗಿರಾಕಿಗಳ ನಷ್ಟ ಬೇರೆ. ಆದುದರಿಂದ ವಿವೇಕಿಯಾದ ವರ್ತಕರು ಹಳೆಯ ಕಂಪನಿಯಲ್ಲೇ ಉಳಿಯುತ್ತಿದ್ದರು. ಅವರು ಸುಲಭವಾಗಿ ಬಿಟ್ಟುಹೋಗಲಾರರೆಂಬುದು ಕಂಪನಿಗೂ ತಿಳಿದಿತ್ತು.

ವ್ಯವಸ್ಥೆ ಬಂದ ಬಗೆ

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2006ರಲ್ಲಿಯೇ ಈ ವ್ಯವಸ್ಥೆಗೆ ಶಿಫಾರಸು ಮಾಡಿತು. 2009ರ ಸೆಪ್ಟೆಂಬರ್‌ನಲ್ಲಿ ನಿಯಮಾವಳಿ ಪ್ರಕಟವಾಯಿತು. 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಆರಂಭವಾದ ಸೇವೆ 2011ರ ಜನವರಿ 20ರಂದು ದೇಶಕ್ಕೆಲ್ಲ ವಿಸ್ತರಿಸಿತು. ವರ್ಗಾವಣೆ ಶುಲ್ಕ ಆಗ 19 ರೂಪಾಯಿ. ಮೇಲಿನ ಲೆಕ್ಕದ 5,000 ರೂಪಾಯಿಯ ಜಾಗದಲ್ಲಿ 19 ರೂಪಾಯಿ ಇಟ್ಟು ನೋಡಿದರೆ ಮಾರ್ಪಾಡಿನ ಮಹತ್ವ ತಾನಾಗಿ ತಿಳಿಯುತ್ತದೆ. ದಕ್ಷಿಣ ಮತ್ತು ಪೂರ್ವ ರಾಜ್ಯಗಳನ್ನೊಳಗೊಂಡ ಎರಡನೆಯ ವಲಯದಲ್ಲಿ, ಮೊದಲ ವರ್ಷಗಳಲ್ಲಿ ಅತ್ಯಧಿಕ ಕೋರಿಕೆಗಳು ಬಂದದ್ದು ಕರ್ನಾಟಕದಿಂದಲೇ.

ಆರಂಭದಲ್ಲಿ ವರ್ಗಾವಣೆ ಒಂದೇ ಸೇವಾ ವೃತ್ತದೊಳಗೆ ಮಾತ್ರ ಸಾಧ್ಯವಿತ್ತು. ಮುರುಗಮಲ್ಲದ ವರ್ತಕರು ಆಂಧ್ರದ ಮದನಪಲ್ಲಿಗೆ ಅಂಗಡಿ ಬದಲಾಯಿಸಿದರೆ ಅಲ್ಲಿನ ವೃತ್ತದ ಹೊಸ ಸಂಖ್ಯೆ ಪಡೆಯಬೇಕಾಗಿತ್ತು. 2015ರ ಜುಲೈ 3ರಿಂದ ಆ ನಿರ್ಬಂಧವೂ ಹೋಯಿತು. 2024ರಲ್ಲಿ ದೇಶದ ಒಟ್ಟು ಕೋರಿಕೆಗಳು 100 ಕೋಟಿಯನ್ನು ದಾಟಿದವು.

ಪೈಪೋಟಿಯ ಮೇಲಿನ ಪರಿಣಾಮ

ಬಿಟ್ಟುಹೋದವರಿಗಿಂತ, ಬಿಟ್ಟುಹೋಗಬಲ್ಲವರಿಂದಲೇ ಕಂಪನಿಗಳ ಮೇಲೆ ಹೆಚ್ಚಿನ ಒತ್ತಡ ಬೀಳುತ್ತದೆ. ಗಿರಾಕಿ ಯಾವ ತಿಂಗಳಾದರೂ ಹೋಗಬಹುದೆಂಬ ಭಯವಿದ್ದರೆ ಕಂಪನಿಯು ದರ ಮತ್ತು ಸೇವೆ ಎರಡರಲ್ಲಿಯೂ ಎಚ್ಚರ ವಹಿಸುತ್ತದೆ. ಅದರ ಫಲ ಎಂದೂ ಕಂಪನಿ ಬದಲಿಸದವರಿಗೂ ದೊರೆಯುತ್ತದೆ. ಅಮೆರಿಕದಲ್ಲಿ 1993ರಲ್ಲಿ ವ್ಯಾಪಾರ ಸಂಸ್ಥೆಗಳ 800 ಸರಣಿಯ ಉಚಿತ ಕರೆಯ ಸಂಖ್ಯೆಗಳಿಗೆ ವರ್ಗಾವಣೆ ಅವಕಾಶ ಬಂದಿತು. ಜಾಹೀರಾತಿನಲ್ಲಿ ಮುದ್ರಿಸಿದ ಸಂಖ್ಯೆಯ ಕಾರಣದಿಂದ ಕಟ್ಟುಬಿದ್ದಿದ್ದ ಸಂಸ್ಥೆಗಳು ಬಿಡುಗಡೆ ಹೊಂದಿದವು; ಪ್ರಬಲವಾಗಿದ್ದ ಎಟಿ ಅಂಡ್ ಟಿ ಕಂಪನಿಯ ಒಪ್ಪಂದ ದರಗಳು ಇಳಿದವು.

ಆದರೆ ಭಾರತದಲ್ಲಿ ದರ ಇಳಿಕೆಗೆಲ್ಲ ಇದೇ ಕಾರಣವೆನ್ನುವುದು ಸರಿಯಲ್ಲ. ಸೆಕೆಂಡಿನ ಲೆಕ್ಕದಲ್ಲಿ ಕರೆಯ ದರವನ್ನು ಟಾಟಾ ಡೊಕೊಮೊ 2009ರಲ್ಲಿಯೇ ಆರಂಭಿಸಿತ್ತು. ಹೊಸ ಕಂಪನಿಗಳ ಪ್ರವೇಶದಿಂದ ದರಗಳು ಆಗಲೇ ಕುಸಿದಿದ್ದವು. ಪ್ರೀಪೇಡ್ ಗಿರಾಕಿಗಳಲ್ಲಿ ಅನೇಕರು ಸಿಮ್ ಎಸೆದು ಹೊಸದನ್ನು ಕೊಳ್ಳುತ್ತಿದ್ದರು. ಸಂಖ್ಯೆಯನ್ನು ಕಳೆದುಕೊಳ್ಳಲಾಗದ ವರ್ತಕರು ಮತ್ತು ವೃತ್ತಿನಿರತರಿಗೆ ಮಾತ್ರ ಈ ಪೈಪೋಟಿಯ ಬಾಗಿಲು ಮುಚ್ಚಿತ್ತು. ವರ್ಗಾವಣೆಯ ವ್ಯವಸ್ಥೆ ಅದನ್ನು ತೆರೆಯಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭಿಸಿದಾಗ ಹಳೆಯ ಸಂಖ್ಯೆಯೊಡನೆಯೇ ಅಲ್ಲಿಗೆ ಹೋಗಲು ಸಾಧ್ಯವಾದದ್ದು ಇದರಿಂದ.

ಇನ್ನೊಂದು ಉಪಕಾರವೂ ಉಂಟು. 2017ರ ಕೊನೆಗೆ ರಿಲಯನ್ಸ್ ಕಮ್ಯುನಿಕೇಷನ್ಸ್ ತನ್ನ ಮೊಬೈಲ್ ಕರೆ ಸೇವೆಯನ್ನು ನಿಲ್ಲಿಸಿತು. 2018ರಲ್ಲಿ ಏರ್‌ಸೆಲ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ಆಗ ಅವುಗಳ ಗಿರಾಕಿಗಳು ಸಂಖ್ಯೆಯನ್ನು ಉಳಿಸಿಕೊಂಡು ಬೇರೆಡೆಗೆ ಹೋಗುವ ಮಾರ್ಗವಿತ್ತು.

ಮಿತಿಗಳು

ಹೋಗಲು ಬೇರೆ ಸ್ಥಳವಿಲ್ಲದಿದ್ದರೆ ಬಾಗಿಲು ತೆರೆದಿದ್ದೂ ಪ್ರಯೋಜನವಿಲ್ಲ. ಹಿಂದೆ ಅನೇಕ ಕಂಪನಿಗಳಿದ್ದ ಕರ್ನಾಟಕದಲ್ಲಿ ಇಂದು ಜಿಯೋ, ಏರ್‌ಟೆಲ್, ವೊಡಾಫೋನ್ ಐಡಿಯಾ ಮತ್ತು ಬಿಎಸ್‌ಎನ್‌ಎಲ್ ಮಾತ್ರ ಉಳಿದಿವೆ. 2024ರ ಜುಲೈ ಮೊದಲ ವಾರದಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದರ ಹಿಂದೊಂದರಂತೆ ದರ ಏರಿಸಿದವು. ಆ ತಿಂಗಳು ಮೂರಕ್ಕೂ ಗಿರಾಕಿಗಳು ಕಡಿಮೆಯಾದರು, ಬಿಎಸ್‌ಎನ್‌ಎಲ್‌ಗೆ ಹೆಚ್ಚಾದರು. ಆದರೆ ಆಗ ಅದರ 4ಜಿ ಜಾಲ ಪೂರ್ಣವಾಗಿರಲಿಲ್ಲ. ಅದೇ ವರ್ಷದ ನವೆಂಬರ್ ವೇಳೆಗೆ ಈ ಒಲವು ತಿರುಗಿತು. ಸಂಖ್ಯೆಯನ್ನು ಕೊಂಡೊಯ್ಯಬಹುದು, ಆದರೆ ಗೋಪುರವನ್ನು ಕೊಂಡೊಯ್ಯಲಾಗದು. ಊರಿನಲ್ಲಿ ಒಂದೇ ಕಂಪನಿಯ ಸಂಕೇತ ಚೆನ್ನಾಗಿದ್ದರೆ ಪೈಪೋಟಿ ಹೆಸರಿಗಷ್ಟೇ ಉಳಿಯುತ್ತದೆ.

ವರ್ತಕರು ಗಮನಿಸಬೇಕಾದ ಅಂಶಗಳು

ಈಗ ಸಂಖ್ಯೆಯ ಬೆಲೆ ಮೊದಲಿಗಿಂತ ಹೆಚ್ಚಿದೆ. ಬ್ಯಾಂಕ್ ಖಾತೆ, ಯುಪಿಐ, ಜಿಎಸ್‌ಟಿ ನೋಂದಣಿ, ಆಧಾರ್ ಎಲ್ಲಕ್ಕೂ ಒಟಿಪಿ ಬರುವುದು ಅದೇ ಸಂಖ್ಯೆಗೆ. ಆದ್ದರಿಂದ ಕೆಳಗಿನ ಅಂಶಗಳು ಮುಖ್ಯವಾಗಿವೆ.

1. ವರ್ಗಾವಣೆ ಕೋರುವ ಹಕ್ಕು ಸಿಮ್ ಯಾರ ಹೆಸರಿನಲ್ಲಿದೆಯೋ ಅವರದು. ಅನೇಕ ಅಂಗಡಿಗಳ ಸಂಖ್ಯೆ ಮಗನ, ಗುಮಾಸ್ತರ ಅಥವಾ ಬಿಟ್ಟುಹೋದ ಪಾಲುದಾರರ ಹೆಸರಿನಲ್ಲಿರುತ್ತದೆ. ಪಾಲುದಾರಿಕೆ ಮುರಿದಾಗ ಗುಡ್‌ವಿಲ್‌ನ ಈ ಪಾಲು ಅವರೊಡನೆ ಹೋಗಬಹುದು. ಸೌಹಾರ್ದವಿರುವಾಗಲೇ ಇದನ್ನು ಸರಿಪಡಿಸಿಕೊಳ್ಳುವುದು ಲೇಸು.

2. ಪೋರ್ಟ್ ಎಂಬ ಇಂಗ್ಲಿಷ್ ಪದ ಮತ್ತು ಹತ್ತು ಅಂಕಿಯ ಸಂಖ್ಯೆಯನ್ನು 1900ಕ್ಕೆ ಎಸ್‌ಎಂಎಸ್ ಕಳುಹಿಸಿದರೆ ಯುಪಿಸಿ ಎಂಬ ಸಂಕೇತ ಬರುತ್ತದೆ. ಕರ್ನಾಟಕದಲ್ಲಿ ಅದಕ್ಕೆ 4 ದಿನಗಳ ಅವಧಿ. 2019ರ ಡಿಸೆಂಬರ್ 16ರಿಂದ ಜಾರಿಯಲ್ಲಿರುವ ಕ್ರಮದಂತೆ ವೃತ್ತದೊಳಗಿನ ವರ್ಗಾವಣೆ 3 ಕೆಲಸದ ದಿನಗಳಲ್ಲಿ, ಬೇರೆ ವೃತ್ತಕ್ಕೆ 5 ಕೆಲಸದ ದಿನಗಳಲ್ಲಿ ಮುಗಿಯಬೇಕು.

3. ಈಗಿನ ಕಂಪನಿಯಲ್ಲಿ 90 ದಿನ ಪೂರೈಸಿರಬೇಕು. ಪೋಸ್ಟ್‌ಪೇಡ್ ಬಾಕಿ ಇರಕೂಡದು. ಪ್ರೀಪೇಡ್ ಖಾತೆಯಲ್ಲಿ ಉಳಿದ ಹಣ ಹೊಸ ಕಂಪನಿಗೆ ಬರುವುದಿಲ್ಲ.

4. ಸಂಸ್ಥೆಯ ಹೆಸರಿನಲ್ಲಿರುವ ಸಂಖ್ಯೆಗಳಿಗೆ ಅಧಿಕೃತ ಸಹಿದಾರರ ಒಂದೇ ಪತ್ರದ ಮೂಲಕ 100ರವರೆಗೆ ಒಟ್ಟಾಗಿ ಕೋರಿಕೆ ಸಲ್ಲಿಸಬಹುದು.

5. ಸಂಖ್ಯೆ ಬದಲಾಗುವ ವೇಳೆಯಲ್ಲಿ ಕೆಲವು ಗಂಟೆ ಸೇವೆ ಇರುವುದಿಲ್ಲ. ಜಿಎಸ್‌ಟಿ ವಿವರಣಾಪತ್ರ ಸಲ್ಲಿಸುವ ಕೊನೆಯ ದಿನದ ಆಸುಪಾಸಿನಲ್ಲಿ ವರ್ಗಾವಣೆ ಇಟ್ಟುಕೊಳ್ಳಬಾರದು.

6. ವಂಚಕರು ನಕಲಿ ಸಿಮ್ ಪಡೆದು ಸಂಖ್ಯೆಯನ್ನು ಬೇರೆಡೆಗೆ ಒಯ್ಯುವುದನ್ನು ತಡೆಯಲು, ಸಿಮ್ ಬದಲಿಸಿದ 7 ದಿನಗಳೊಳಗೆ ಯುಪಿಸಿ ನೀಡಬಾರದೆಂಬ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದಿದೆ. ಕೇಳದೆ ಯುಪಿಸಿ ಬಂದರೆ ಅದನ್ನು ಯಾರಿಗೂ ತಿಳಿಸದೆ ಕೂಡಲೇ ಕಂಪನಿಯನ್ನು ವಿಚಾರಿಸಬೇಕು.

ನಿರ್ಧಾರಕ್ಕೆ ಮುನ್ನ ಹೊಸ ಕಂಪನಿಯ ಬೇರೊಂದು ಸಿಮ್ ಅನ್ನು ಅಂಗಡಿ, ಗೋದಾಮು, ಮನೆ ಮತ್ತು ಮಂಡಿಯಲ್ಲಿ ಒಂದು ವಾರ ಪರೀಕ್ಷಿಸಿ ನೋಡುವುದು ಕ್ಷೇಮ. ಪರೀಕ್ಷೆಯ ನಂತರ ಹಳೆಯ ಕಂಪನಿಯಲ್ಲೇ ಉಳಿಯುವುದು ಲಾಭಕರವೆಂದು ಕಂಡರೆ ಉಳಿಯಬಹುದು. ಆಗ ಆ ಉಳಿಯುವಿಕೆಗೆ ಕಾರಣ ಕಟ್ಟುಪಾಡಲ್ಲ, ವರ್ತಕರ ಸ್ವಂತ ಆಯ್ಕೆ. ಕಂಪನಿಯನ್ನು ಎಚ್ಚರದಲ್ಲಿಡುವುದೂ ಇದೇ ವ್ಯತ್ಯಾಸ.