ಆಟದ ಯಂತ್ರಕ್ಕೆ ಗುಂಡಿಗಳನ್ನು ಎಲ್ಲಿಂದ ತರೋಣ?

ಅಂಗೈಯಲ್ಲಿ ಹಿಡಿದು ಆಡುವ ವಿಡಿಯೋ ಆಟದ ಯಂತ್ರವನ್ನು ಸ್ವಂತ ಕೈಯಿಂದ ಕಟ್ಟಬೇಕೆಂಬ ಆಸೆ ಯಾವ ವಿದ್ಯಾರ್ಥಿಗೆ ಇರುವುದಿಲ್ಲ? ಅದಕ್ಕೆ ಮಿದುಳಾಗಿ ಒದಗುವ ರಾಸ್ಪ್‌ಬೆರಿ ಪೈ, ಇಎಸ್‌ಪಿ32 ಮೊದಲಾದ ಪುಟ್ಟ ಫಲಕಗಳು ಇಂದು ಅಂಚೆಯ ಮೂಲಕ ಔರಾದಿಗೂ ಬಂದು ತಲಪುತ್ತವೆ. ಪರದೆಯೂ ಹಾಗೆಯೇ ದೊರೆಯುತ್ತದೆ. ಆದರೆ ಕೆಲಸವು ಅನೇಕ ವೇಳೆ ನಿಂತುಹೋಗುವುದು ಬೆರಳು ತಾಗುವ ಕಡೆಯಲ್ಲಿ. ಗುಂಡಿ, ದಿಕ್ಕಿನ ಶಿಲುಬೆ, ಹೊರಳುವ ಕಡ್ಡಿ—ಇವು ಯಾವ ಅಂಗಡಿಯಲ್ಲಿಯೂ ಒಂದು ಕಟ್ಟಾಗಿ ಸಿಕ್ಕುವುದಿಲ್ಲ. ಸಿಕ್ಕಿದರೂ ಒಂದಕ್ಕೊಂದು ಹೊಂದುವುದಿಲ್ಲ. ಇವುಗಳನ್ನು ಎಲ್ಲಿಂದ ತರಬೇಕು, ತರುವ ಮುನ್ನ ಹೇಗೆ ಪರೀಕ್ಷಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಮೊದಲು ಗುಂಡಿಯೆಂದರೇನೆಂಬುದನ್ನು ತಿಳಿಯಬೇಕು. ಅದು ತೆರೆದಿರುವ ವಿದ್ಯುನ್ಮಾರ್ಗವನ್ನು ಕ್ಷಣಕಾಲ ಮುಚ್ಚುವ ಸಾಧನ, ಅಷ್ಟೇ. ಫಲಕದ ಒಂದು ಕಾಲನ್ನು 10,000 ಓಮ್ ರೋಧದ ಮೂಲಕ 3.3 ವೋಲ್ಟಿಗೆ ಜೋಡಿಸಿರುತ್ತಾರೆ. ಗುಂಡಿಯನ್ನು ಒತ್ತಿದರೆ ಆ ಕಾಲು ಭೂಮಿತಂತಿಗೆ ಸೇರಿ, ಅಲ್ಲಿನ ವೋಲ್ಟೇಜು ಸೊನ್ನೆಯ ಬಳಿಗೆ ಇಳಿಯುತ್ತದೆ. ಈ ಇಳಿತವನ್ನೇ ಯಂತ್ರವು 'ಒತ್ತಲಾಗಿದೆ' ಎಂದು ಓದಿಕೊಳ್ಳುತ್ತದೆ.

ಗುಂಡಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಬಾಗಿದ ಲೋಹದ ಬಿಲ್ಲೆಯಿರುತ್ತದೆ. ಒತ್ತಿದಾಗ ಅದು 'ಟಕ್' ಎಂದು ಮಡಿದು ಸಂಪರ್ಕ ಕಲ್ಪಿಸುತ್ತದೆ. 6 ಮಿ.ಮೀ. ಚದರದ ಈ ಸ್ವಿಚ್ಚು ರೇಡಿಯೋ ರಿಪೇರಿಯ ಸಾಮಾನು ಮಾರುವವರಲ್ಲಿಯೂ ದೊರೆಯುವಂಥದು. ಇದನ್ನು ಕೊಳ್ಳುವಾಗ ಎಷ್ಟು ಬಲಕ್ಕೆ ಮಡಿಯುವುದೆಂದು ವಿಚಾರಿಸಬೇಕು. 100 ಗ್ರಾಂ ತೂಕದಷ್ಟು ಬಲಕ್ಕೆ ಮಡಿಯುವುದೂ ಉಂಟು, 260 ಗ್ರಾಂ ಬೇಡುವುದೂ ಉಂಟು. ನಿಮಿಷಕ್ಕೆ ನೂರು ಸಲ ಒತ್ತುವ ಹೆಬ್ಬೆರಳಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಎರಡನೆಯ ಬಗೆಯಲ್ಲಿ ರಬ್ಬರಿನ ಗುಮ್ಮಟದ ಒಳಗೆ ಇಂಗಾಲದ ಕಪ್ಪು ಬಿಲ್ಲೆಯೊಂದು ಅಂಟಿರುತ್ತದೆ. ಹಳೆಯ ಟಿ.ವಿ. ರಿಮೋಟನ್ನು ಬಿಚ್ಚಿ ನೋಡಿದವರು ಇದನ್ನು ಕಂಡಿರಬಹುದು. ಬೆರಳಿಗೆ ಮೃದುವಾದುದು ಇದೇ; ಆದುದರಿಂದ ಆಟದ ಯಂತ್ರಗಳಲ್ಲಿ ಇದಕ್ಕೆ ಬಹಳ ಮನ್ನಣೆ. ಆದರೆ ಹಳೆಯ ಬಿಲ್ಲೆಯನ್ನು ಅಳೆಯದೆ ನಂಬಬಾರದು. ಒಳ್ಳೆಯ ಬಿಲ್ಲೆಯ ರೋಧ 200 ಓಮ್ ಎಂದು ಇಟ್ಟುಕೊಳ್ಳೋಣ. ಒತ್ತಿದಾಗ ಕಾಲಿನ ವೋಲ್ಟೇಜು 3.3 × 200 ÷ 10,200, ಎಂದರೆ ಸುಮಾರು 0.06 ವೋಲ್ಟ್. ಇದು ಸೊನ್ನೆಯೆಂದೇ ಓದಲ್ಪಡುತ್ತದೆ. ಸವೆದ ಬಿಲ್ಲೆಯ ರೋಧ 10,000 ಓಮ್‌ಗೆ ಏರಿತೆನ್ನಿ. ಆಗ ವೋಲ್ಟೇಜು 1.65. ಇದು ಸೊನ್ನೆಯೂ ಅಲ್ಲ, ಒಂದೂ ಅಲ್ಲ. ಗುಂಡಿ ಒಮ್ಮೆ ಕೇಳುತ್ತದೆ, ಒಮ್ಮೆ ಕೇಳುವುದಿಲ್ಲ. ಆಟಗಾರನು ತನ್ನ ಬೆರಳನ್ನು ಬೈಯುತ್ತಾನೆ, ತಪ್ಪು ಇಂಗಾಲದ್ದು.

ಸಂಪರ್ಕಕ್ಕೆ ಇಂಗಾಲವೇ ಏಕೆ ಎಂದು ಕೆಲವರು ಕೇಳಬಹುದು. ಬೀದರಿನವರಿಗೆ ಇದರ ಉತ್ತರ ಹತ್ತಿರದಲ್ಲಿಯೇ ಇದೆ. ಬಿದರಿ ಕೆಲಸದಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣನ್ನೂ ನವಸಾಗರವನ್ನೂ ಬೆರೆಸಿದ ದ್ರವದಿಂದ ಸಂಸ್ಕರಿಸುತ್ತಾರೆ. ಮಿಶ್ರಲೋಹವು ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಒಂದೇ ದ್ರವಕ್ಕೆ ಒಂದು ಲೋಹ ಮಣಿಯಿತು, ಇನ್ನೊಂದು ಮಣಿಯಲಿಲ್ಲ. ಸಂಪರ್ಕಗಳಲ್ಲಿಯೂ ಹೀಗೆಯೇ. ಬರಿಯ ತಾಮ್ರವು ಗಾಳಿಗೂ ಬೆವರಿಗೂ ಕಿಲುಬು ಹಿಡಿದು ವಿದ್ಯುತ್ತಿಗೆ ಅಡ್ಡಿಯಾಗುತ್ತದೆ. ಇಂಗಾಲವಾಗಲಿ ಚಿನ್ನವಾಗಲಿ ಹಾಗೆ ಕೆಡುವುದಿಲ್ಲ. ಆದುದರಿಂದಲೇ ಫಲಕದ ಮೇಲಿನ ಸಂಪರ್ಕಗಳಿಗೆ ಇವುಗಳಲ್ಲೊಂದರ ಲೇಪ ಕೊಡುತ್ತಾರೆ. ಆದರೆ ಇಂಗಾಲದ ಲೇಪಕ್ಕೆ ಬೆಸುಗೆ ಹಿಡಿಯದು. ತಂತಿಯನ್ನು ಬೆಸೆಯಲು ಪಕ್ಕದ ತಾಮ್ರದ ಗೆರೆಯ ಮೇಲಿರುವ ಹಸಿರು ಬಣ್ಣವನ್ನು ಕೆರೆದು ತೆಗೆಯಬೇಕು.

ದಿಕ್ಕಿನ ಶಿಲುಬೆಯನ್ನು ಇಂದಿನ ರೂಪಕ್ಕೆ ತಂದವರು ಜಪಾನಿನ ನಿಂಟೆಂಡೊ ಸಂಸ್ಥೆಯ ಗುನ್‌ಪೇ ಯೊಕೊಯಿ. 1982ರ ಪುಟ್ಟ ಆಟದ ಯಂತ್ರವೊಂದರಲ್ಲಿ ಅದು ಕಾಣಿಸಿತು. ಅದರ ಗುಟ್ಟು ನಡುವಿನ ಉಬ್ಬಿನಲ್ಲಿದೆ. ಆ ಉಬ್ಬಿನ ಮೇಲೆ ಶಿಲುಬೆಯು ತಕ್ಕಡಿಯಂತೆ ತೂಗುವುದರಿಂದ ಎಡವೂ ಬಲವೂ ಒಮ್ಮೆಲೇ ಒತ್ತಲ್ಪಡುವುದಿಲ್ಲ. ಹಳೆಯ ನಿಯಂತ್ರಕದಿಂದ ಶಿಲುಬೆಯನ್ನು ಮಾತ್ರ ಕಿತ್ತುಕೊಂಡು ಉಬ್ಬನ್ನು ಬಿಟ್ಟರೆ ಈ ಗುಣವೇ ಹೋಗುತ್ತದೆ.

ಇನ್ನು ಹೊರಳುವ ಕಡ್ಡಿ. ಸಾಮಾನ್ಯ ಕಡ್ಡಿಯ ಬುಡದಲ್ಲಿ 10,000 ಓಮ್‌ಗಳ ಎರಡು ಬದಲಾಗುವ ರೋಧಗಳಿರುತ್ತವೆ. ಒಂದು ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ. ಕೊಳ್ಳುವ ಮೊದಲು ಮಲ್ಟಿಮೀಟರಿನಿಂದ ನೋಡಬೇಕು. ಕೊನೆಯ ಎರಡು ಕಾಲುಗಳ ನಡುವೆ ಸುಮಾರು 10,000, ಕಡ್ಡಿ ಸುಮ್ಮನಿದ್ದಾಗ ನಡುಗಾಲಿಗೂ ಕೊನೆಗೂ ಸುಮಾರು 5,000 ಬರಬೇಕು. ನಿಧಾನವಾಗಿ ಹೊರಳಿಸಿದಾಗ ಅಂಕಿಯು ಎಲ್ಲಿಯೂ ಜಿಗಿಯಬಾರದು. ಜಿಗಿದರೆ ಒಳಗಿನ ಇಂಗಾಲದ ಹಾದಿ ಸವೆದಿದೆ ಇಲ್ಲವೆ ಧೂಳು ಸೇರಿದೆ. ಜಂಬಿಟ್ಟಿಗೆಯ ನೆಲದ ಮೇಲೆ ನಿಂತಿರುವ ಬೀದರಿನಲ್ಲಿ ಬೇಸಗೆಯ ಕೆಂಪು ಧೂಳಿಗೆ ಬರಗಾಲವಿಲ್ಲ. ಸವೆತವೇ ಬೇಡವೆನ್ನುವವರಿಗೆ ಇನ್ನೊಂದು ದಾರಿಯುಂಟು. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ಆಧರಿಸಿದ ಕಡ್ಡಿಗಳಲ್ಲಿ ಅಯಸ್ಕಾಂತವು ಸಂವೇದಕವನ್ನು ಮುಟ್ಟದೆಯೇ ತನ್ನ ಸ್ಥಾನವನ್ನು ತಿಳಿಸುತ್ತದೆ. ಮುಟ್ಟದಿರುವುದು ಸವೆಯುವುದೂ ಇಲ್ಲ. ಯಾವ ಕಡ್ಡಿಯೇ ಆಗಲಿ, ಅದರ ಎತ್ತರವನ್ನು ನೋಡುವುದನ್ನು ಮರೆಯಬಾರದು. ದೊಡ್ಡ ನಿಯಂತ್ರಕದ ಕಡ್ಡಿ ಟೋಪಿಯೂ ಸೇರಿ ಎರಡು ಸೆಂ.ಮೀ. ಮೀರುತ್ತದೆ, ಜೇಬಿನ ಯಂತ್ರಕ್ಕೆ ಅದು ಒಪ್ಪುವುದಿಲ್ಲ.

ತಂತಿಗಳ ಲೆಕ್ಕವನ್ನೂ ಮಾಡಬೇಕು. ಹನ್ನೆರಡು ಗುಂಡಿಗಳಿಗೆ ಫಲಕದ ಹನ್ನೆರಡು ಕಾಲುಗಳು ಬೇಕು. ಅವುಗಳನ್ನು ಮೂರು ಸಾಲು, ನಾಲ್ಕು ಕಂಬಗಳಾಗಿ ಹೆಣೆದರೆ ಏಳೇ ಸಾಕು. ಆದರೆ ಆಯತದ ಮೂರು ಮೂಲೆಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆ ತೋರುತ್ತದೆ. ಪ್ರತಿಯೊಂದು ಗುಂಡಿಗೂ ಒಂದೊಂದು ಡಯೋಡನ್ನು ಸೇರಿಸಿದರೆ ಈ ಭ್ರಮೆ ಹೋಗುತ್ತದೆ. ನಿಂಟೆಂಡೊದ ಹಳೆಯ ಮನೆಯಾಟದ ನಿಯಂತ್ರಕವು ಇನ್ನೂ ಜಾಣತನ ತೋರಿತು. ಅದರೊಳಗಿನ 4021 ಎಂಬ ಚಿಪ್ಪು ಎಂಟು ಗುಂಡಿಗಳ ಸ್ಥಿತಿಯನ್ನು ಒಮ್ಮೆಗೇ ಹಿಡಿದಿಟ್ಟುಕೊಂಡು, ಒಂದಾದ ಮೇಲೊಂದರಂತೆ ಒಂದೇ ತಂತಿಯಲ್ಲಿ ಕಳುಹಿಸುತ್ತದೆ. ಸಂಜ್ಞೆಗೆ ಬೇಕಾದ ತಂತಿಗಳು ಮೂರೇ. ಈ ಚಿಪ್ಪು 3ರಿಂದ 15 ವೋಲ್ಟಿನವರೆಗೆ ನಡೆಯುವುದರಿಂದ 3.3 ವೋಲ್ಟಿನ ಫಲಕಕ್ಕೂ ಹೊಂದುತ್ತದೆ.

ಹಾಗಾದರೆ ಸಾಮಾನು ಎಲ್ಲಿದೆ? ಮೊದಲು ಅಟ್ಟದ ಮೇಲೆ ನೋಡಬೇಕು. 1990ರ ದಶಕದಲ್ಲಿ ನಮ್ಮ ಊರುಗಳಲ್ಲಿ ಟಿ.ವಿ.ಗೆ ಜೋಡಿಸಿ ಆಡುವ ಅಗ್ಗದ ಯಂತ್ರಗಳು ಬಹಳವಾಗಿ ಬಂದುವು. ಅವುಗಳ ಒಂದು ನಿಯಂತ್ರಕದಲ್ಲಿಯೇ ಶಿಲುಬೆ, ಗುಂಡಿಗಳು, ರಬ್ಬರು, ಸಂಪರ್ಕಫಲಕ ನಾಲ್ಕೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಇಂಥದು ದೊರೆತರೆ ಬಿಡಿಬಿಡಿಯಾಗಿ ಕೀಳದೆ ಇಡಿಯಾಗಿ ಬಳಸುವುದು ಉತ್ತಮ. ಆಮೇಲೆ ಮೊಬೈಲು, ಟಿ.ವಿ. ರಿಪೇರಿಯ ಅಂಗಡಿಗಳು. ಭಾಲ್ಕಿಯಲ್ಲಿಯೂ ಬೀದರಿನಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಓದುವ ಹಿರಿಯ ಮಿತ್ರರಿದ್ದರೆ ಮೀಟರು ಹಿಡಿಯುವುದನ್ನು ಅವರಿಂದ ಕಲಿಯಬಹುದು. ಕೊನೆಗೆ ಉಳಿದುದಕ್ಕೆ ಹೈದರಾಬಾದಿನ ಕೋಠಿ ಇದೆ. ಬೀದರಿನಿಂದ ಸುಮಾರು 140 ಕಿ.ಮೀ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ ಸುಮಾರು 700 ಕಿ.ಮೀ. ದೂರದ್ದು.

ಈ ದೂರವೇ ನಮಗೆ ಪಾಠ ಕಲಿಸಿತು. ನಾವೊಮ್ಮೆ ಹೆಸರಾಂತ ಯಂತ್ರವೊಂದರ ಹೊರಕವಚವನ್ನೂ ಅದೇ ಹೆಸರಿನ ರಬ್ಬರನ್ನೂ ಬೇರೆ ಬೇರೆ ಕಡೆಯಿಂದ ತರಿಸಿದೆವು. ಹೆಸರು ಒಂದೇ, ಆವೃತ್ತಿ ಬೇರೆ. ಗುಂಡಿಗಳ ನಡುವಣ ಅಂತರದಲ್ಲಿ 2 ಮಿ.ಮೀ. ವ್ಯತ್ಯಾಸ ಬಂದು ಹಣವೂ ಹೋಯಿತು, ಎರಡು ವಾರಗಳೂ ಹೋದುವು. ದೊಡ್ಡ ನಗರದವನು ಸಂಜೆಯೇ ಅಂಗಡಿಗೆ ಹೋಗಿ ಬದಲಿಸಿಕೊಳ್ಳುತ್ತಾನೆ. ಔರಾದಿನ ಹುಡುಗನಿಗೆ ಆ ಅನುಕೂಲವಿಲ್ಲ. ಅವನು ಮೊದಲ ಸಲವೇ ಸರಿಯಾದುದನ್ನು ತರಿಸಬೇಕು. ಅದಕ್ಕೆ ಬೇಕಾದ ಉಪಕರಣ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿಯೇ ಇದೆ. ವರ್ನಿಯರ್ ಕ್ಯಾಲಿಪರು ಮಿಲಿಮೀಟರಿನ ಹತ್ತರಲ್ಲೊಂದು ಭಾಗವನ್ನು ತೋರಿಸುತ್ತದೆ. ಗುಂಡಿಯ ವ್ಯಾಸ, ಎತ್ತರ, ಎರಡು ಗುಂಡಿಗಳ ಕೇಂದ್ರಗಳ ಅಂತರ, ಕಡ್ಡಿಯ ಬುಡದ ಅಗಲ—ಈ ನಾಲ್ಕನ್ನು ಬರೆದುಕೊಂಡು, ಮಾರುವವನಿಂದಲೂ ಇವೇ ನಾಲ್ಕನ್ನು ಕೇಳಿ ಪಡೆದು, ರಟ್ಟಿನಲ್ಲಿ ಕತ್ತರಿಸಿ ಜೋಡಿಸಿ ನೋಡಿದ ಮೇಲೆಯೇ ಹಣ ಕಳುಹಿಸತಕ್ಕದ್ದು. ರಟ್ಟಿನ ಮೇಲೆ ಹೊಂದದ್ದು ಯಂತ್ರದಲ್ಲಿಯೂ ಹೊಂದುವುದಿಲ್ಲ.